ಕೊರೊಲ್ಲಾ ಹೆಡ್ ಬೋಲ್ಟ್‌ಗೆ 12 ಮೂಲೆ: ಸ್ಟಾರ್ ಬಿಟ್ ಹಾಕಬಹುದಾ, ಎಲನ್ ಹಾಕಬಹುದಾ?

ತೋಟದದಾರಿ (ಸಕಲೇಶಪುರ):

ಎಲ್ಲರಿಗೂ ನಮಸ್ಕಾರ. ನಮ್ಮದು 2005ರ ಟೊಯೋಟಾ ಕೊರೊಲ್ಲಾ, 1.8 ಪೆಟ್ರೋಲ್, ಬಿಡದಿಯಲ್ಲಿ ತಯಾರಾದ ಗಾಡಿ. ಎಂಜಿನ್ 1ಝಡ್‌ಝಡ್-ಎಫ್‌ಇ. ಸ್ವಲ್ಪ ಕಾಲದಿಂದ ಕೂಲೆಂಟ್ ಕಡಿಮೆಯಾಗುತ್ತಿತ್ತು. ಹೊರಗೆ ಎಲ್ಲೂ ಸೋರಿಕೆ ಇಲ್ಲ. ಬೆಳಿಗ್ಗೆ ಸ್ಟಾರ್ಟ್ ಮಾಡಿದರೆ ಬಿಳಿ ಹೊಗೆ, ರೇಡಿಯೇಟರ್‌ನಲ್ಲಿ ಗುಳ್ಳೆ. ಹೆಡ್ ಗ್ಯಾಸ್ಕೆಟ್ (ಎಂಜಿನ್ ಹೆಡ್‌ಗೂ ಬ್ಲಾಕ್‌ಗೂ ನಡುವೆ ಕೂರುವ ಪದರ) ಹೋಗಿದೆ ಅಂತ ತೀರ್ಮಾನಿಸಿ ನಮ್ಮೂರಿನ ಮೆಕ್ಯಾನಿಕ್ ಅಣ್ಣನ ಜೊತೆ ನಾನೂ ಕೂತು ಬಿಚ್ಚುತ್ತಿದ್ದೇನೆ. ವಾಲ್ವ್ ಕವರ್, ಚೈನ್ ಕವರ್, ಎರಡೂ ಕ್ಯಾಮ್ ಶಾಫ್ಟ್ ಹೊರಗೆ ಬಂದಿವೆ. ಈಗ ಹೆಡ್ ಬೋಲ್ಟ್ ಕಾಣುತ್ತಿವೆ, ಒಟ್ಟು ಹತ್ತು.

ಸಮಸ್ಯೆ ಇಲ್ಲಿಂದ ಶುರು. ಬೋಲ್ಟ್ ತಲೆ ದುಂಡಗಿದೆ, ನಡುವೆ ಗುಳಿ. ಗುಳಿಯೊಳಗೆ ಟಾರ್ಚ್ ಬಿಟ್ಟು ನೋಡಿದರೆ 12 ಮೂಲೆ ಕಾಣುತ್ತದೆ. ಅಣ್ಣನ ಹತ್ತಿರ ಇರುವ ಬಿಟ್‌ಗಳನ್ನೆಲ್ಲ ಕೈಯಲ್ಲೇ ಇಟ್ಟು ನೋಡಿದೆವು, ಇನ್ನೂ ಯಾವುದಕ್ಕೂ ಜೋರು ಹಾಕಿಲ್ಲ. ಟಿ55 ಸ್ಟಾರ್ ಬಿಟ್ ಒಳಗೆ ಹೋಗುತ್ತದೆ, ಆದರೆ ಎಡಕ್ಕೆ ಬಲಕ್ಕೆ ಸ್ವಲ್ಪ ಆಡುತ್ತದೆ. ಹಾಸನದ ಒಂದು ಅಂಗಡಿಯಲ್ಲಿ "12 ಮೂಲೆ ಅಂದರೆ ಇದೇ" ಅಂತ ಎಂ10 ಮತ್ತು ಎಂ12 ಬಿಟ್ ಕೊಟ್ಟರು, ಸ್ಕೋಡಾ ಗಾಡಿಗಳಿಗೆ ಹಾಕುವಂಥದ್ದು. ಎಂ12 ಒಳಗೆ ಇಳಿಯುವುದೇ ಇಲ್ಲ. ಎಂ10 ಇಳಿಯುತ್ತದೆ, ಆದರೆ ಸುಮ್ನೆ ಸುತ್ತುತ್ತದೆ. ಕೊನೆಗೆ 10ರ ಎಲನ್ ಕೀ ಇಟ್ಟರೆ ಅದು ಮಾತ್ರ ಅಲ್ಲಾಡದೆ ಕೂತಿತು! 12 ಮೂಲೆಗೆ ಆರು ಮೂಲೆಯದ್ದು ಹೇಗೆ ಕೂರುತ್ತದೆ ಅನ್ನೋದೇ ನಮಗೆ ಗೊತ್ತಾಗಲಿಲ್ಲ.

ಅಣ್ಣ ಹೇಳುವುದು ಎಲನ್ ಹಾಕಿ ಉದ್ದದ ಪೈಪ್ ಕೊಟ್ಟು ಎಳೆದುಬಿಡೋಣ ಅಂತ. ನಾನು ತಡೆದಿದ್ದೇನೆ. ಹೆಡ್ ಬೋಲ್ಟ್ ತಲೆ ಕೆಟ್ಟರೆ ಸಕಲೇಶಪುರದಲ್ಲಿ ಕೂತು ಏನು ಮಾಡುವುದು? ಯಾರಿಗಾದರೂ ಈ ಎಂಜಿನ್ ಬಿಚ್ಚಿ ಗೊತ್ತಿದ್ದರೆ ಯಾವ ಬಿಟ್ ಅಂತ ಸ್ಪಷ್ಟವಾಗಿ ಹೇಳಿ. ಗಾಡಿ ಶೆಡ್‌ನಲ್ಲೇ ಇದೆ, ಅವಸರ ಇಲ್ಲ.

ಪಾನಾಪೆಟ್ಟಿಗೆ (ಹುಬ್ಬಳ್ಳಿ):

ತೋಟದದಾರಿ ಅವರೇ, ಕೈ ತಡೆದದ್ದು ತುಂಬಾ ಒಳ್ಳೆಯದಾಯಿತು. ಆ ಪೈಪ್ ಪಕ್ಕಕ್ಕಿಡಿ.

ಮೊದಲು ಉತ್ತರ. ನಿಮ್ಮ ಎಂಜಿನ್‌ಗೆ ಬೇಕಾದದ್ದು 10 ಮಿ.ಮೀ. ಡಬಲ್ ಹೆಕ್ಸ್ ಬಿಟ್ ಸಾಕೆಟ್. ಟೊಯೋಟಾ ಕೈಪಿಡಿಯಲ್ಲಿ ಇದನ್ನು ಬೈ-ಹೆಕ್ಸಗನ್ ವ್ರೆಂಚ್ ಎನ್ನುತ್ತಾರೆ. ಅಂಗಡಿಯವರು ಕೊಟ್ಟದ್ದು ಎಕ್ಸ್‌ಝಡ್‌ಎನ್, ಅಂದರೆ ಟ್ರಿಪಲ್ ಸ್ಕ್ವೇರ್. ಎರಡಕ್ಕೂ 12 ಮೂಲೆ ಇದೆ, ಆದರೆ ಎರಡೂ ಬೇರೆ ಬೇರೆ. ಈ ಒಂದು ಗೊಂದಲದಿಂದ ಕೆಟ್ಟ ಬೋಲ್ಟ್‌ಗಳು ನನ್ನ ಗ್ಯಾರೇಜಿಗೆ ಬರುತ್ತಲೇ ಇರುತ್ತವೆ. ಅದಕ್ಕೇ ಸ್ವಲ್ಪ ಬಿಡಿಸಿ ಬರೆಯುತ್ತೇನೆ, ಓದುವ ಬೇರೆಯವರಿಗೂ ಆಗಲಿ.

ಒಂದು ಕಾಗದದ ಮೇಲೆ ಆರು ಮೂಲೆಯ ಆಕೃತಿ, ಅಂದರೆ ಹೆಕ್ಸ್, ಬರೆಯಿರಿ. ಅದರ ಮೇಲೇ ಇನ್ನೊಂದನ್ನು 30 ಡಿಗ್ರಿ ತಿರುಗಿಸಿ ಬರೆಯಿರಿ. ಸಿಗುವ 12 ಮೂಲೆಯೇ ಡಬಲ್ ಹೆಕ್ಸ್. ಈಗ ಪಕ್ಕದಲ್ಲಿ ಒಂದು ಚೌಕ, ಅದರ ಮೇಲೆ 30 ಡಿಗ್ರಿ ತಿರುಗಿಸಿ ಎರಡನೆಯದು, ಮತ್ತೆ 30 ತಿರುಗಿಸಿ ಮೂರನೆಯದು. ಇದಕ್ಕೂ 12 ಮೂಲೆ. ಇದು ಟ್ರಿಪಲ್ ಸ್ಕ್ವೇರ್. ಮೂಲೆಗಳನ್ನು ಹೋಲಿಸಿ ನೋಡಿ: ಚೌಕದಿಂದ ಬಂದದ್ದು 90 ಡಿಗ್ರಿ, ಚೂಪಾಗಿ ಆಳಕ್ಕೆ ಹೋಗಿರುತ್ತದೆ. ಹೆಕ್ಸ್‌ನಿಂದ ಬಂದದ್ದು 120 ಡಿಗ್ರಿ, ಅಗಲವಾಗಿ ಚಪ್ಪಟೆಯಾಗಿರುತ್ತದೆ. ಕಣ್ಣಿಗೆ ಒಮ್ಮೆ ಅಭ್ಯಾಸವಾದರೆ ಟಾರ್ಚ್ ಬೆಳಕಲ್ಲೇ ಗೊತ್ತಾಗುತ್ತದೆ.

ಎಲನ್ ಯಾಕೆ ಕೂತಿತು ಅನ್ನೋದಕ್ಕೂ ಉತ್ತರ ಇಲ್ಲೇ ಇದೆ. ಡಬಲ್ ಹೆಕ್ಸ್ ಒಳಗೆ ಪೂರ್ತಿ ಒಂದು ಹೆಕ್ಸ್ ಅಡಗಿದೆ ಅಲ್ವಾ? ಅದಕ್ಕೇ ಅದೇ ಅಳತೆಯ ಎಲನ್ ಸರಿಯಾಗಿ ಇಳಿಯುತ್ತದೆ. ಟ್ರಿಪಲ್ ಸ್ಕ್ವೇರ್ ಒಳಗೆ ಹೆಕ್ಸ್ ಇಲ್ಲ, ಚೌಕ ಮಾತ್ರ ಇದೆ. ಅಲ್ಲಿ ಎಲನ್ ಯಾವತ್ತೂ ಸರಿಯಾಗಿ ಕೂರುವುದಿಲ್ಲ. ಹಾಗಾಗಿ ಗೊತ್ತಿಲ್ಲದ 12 ಮೂಲೆಯ ಗುಳಿ ಎದುರಾದರೆ ನಾನು ಮೊದಲು ಎಲನ್ ಸೆಟ್ ತೆಗೆದುಕೊಳ್ಳುತ್ತೇನೆ. ಬಿಚ್ಚೋದಕ್ಕಲ್ಲ, ಗುರುತು ಹಿಡಿಯೋದಕ್ಕೆ. ಆಡದೆ ಕೂತರೆ ಡಬಲ್ ಹೆಕ್ಸ್. ಯಾವ ಅಳತೆಯೂ ಕೂರದಿದ್ದರೆ ಎಕ್ಸ್‌ಝಡ್‌ಎನ್ ಸೆಟ್ ತೆಗೆಯುತ್ತೇನೆ.

ಹಾಗಾದರೆ ಎಲನ್ ಹಾಕಿಯೇ ಬಿಚ್ಚಬಾರದೇಕೆ? ಲೆಕ್ಕ ನೋಡ್ರಿ. 10 ಮಿ.ಮೀ. ಹೆಕ್ಸ್‌ನಲ್ಲಿ ಮೂಲೆಯಿಂದ ಎದುರು ಮೂಲೆಗೆ ಸುಮಾರು 11.5 ಮಿ.ಮೀ. ಡಬಲ್ ಹೆಕ್ಸ್ ಗುಳಿಯಲ್ಲಿ ಒಳಕ್ಕೆ ಚಾಚಿಕೊಂಡಿರುವ ಏಣುಗಳು ಎದುರು ಬದುರು ಅಳೆದರೆ ಹತ್ತಿರ ಹತ್ತಿರ 10.35. ಅಂದರೆ ಒಂದೊಂದು ಹಲ್ಲಿನ ಎತ್ತರ 0.6 ಮಿ.ಮೀ. ಮಾತ್ರ. ಬೋಲ್ಟ್ ಬಿಚ್ಚುವ ಜೋರೆಲ್ಲ ಈ ಅರ್ಧ ಮಿಲಿಮೀಟರ್ ಚಿಲ್ಲರೆ ಲೋಹದ ಮೇಲೆ ಬೀಳುತ್ತದೆ. ಸರಿಯಾದ ಬಿಟ್ ಹಾಕಿದರೆ 12 ಹಲ್ಲೂ ಹಂಚಿಕೊಳ್ಳುತ್ತವೆ. ಎಲನ್ ಹಾಕಿದರೆ ಆರೇ. ಒಂದೊಂದರ ಮೇಲೆ ಎರಡು ಪಟ್ಟು. ವಾಲ್ವ್ ಕವರ್ ಬೋಲ್ಟ್ ಆಗಿದ್ದರೆ ನಡೆಯುತ್ತಿತ್ತು. ಇಷ್ಟು ವರ್ಷ ಬಿಸಿ ತಿಂದು ಬಿಗಿದುಕೊಂಡಿರುವ ಹೆಡ್ ಬೋಲ್ಟ್‌ಗೆ ನಾನು ಎಲನ್ ಹಾಕುವುದಿಲ್ಲ.

ಟಿ55 ವಿಷಯ ಇನ್ನೂ ಅಪಾಯ. ಅದರ ತುದಿಯಿಂದ ತುದಿಗೆ 11.22 ಮಿ.ಮೀ. ನಿಮ್ಮ ಗುಳಿಯ ಮೂಲೆಗೆ ತೀರಾ ಹತ್ತಿರ, ಅದಕ್ಕೇ ಒಳಗೆ ಹೋಗುತ್ತದೆ. ಆದರೆ ಸ್ಟಾರ್ ಬಿಟ್‌ನ ಹಲ್ಲು ದುಂಡಗೆ. ಚಪ್ಪಟೆ ಗೋಡೆಗೆ ಅದು ಗೆರೆಯಷ್ಟು ಜಾಗದಲ್ಲಿ ಮಾತ್ರ ಒತ್ತುತ್ತದೆ. ಮೊದಲ ಎಳೆತಕ್ಕೇ ಏಣು ಮಡಚಿಕೊಂಡರೆ ಆಮೇಲೆ ಸರಿಯಾದ ಬಿಟ್ ತಂದರೂ ಹಿಡಿಯಲು ಏನೂ ಉಳಿದಿರುವುದಿಲ್ಲ. ಒಳಗೆ ಹೋಯಿತು ಅನ್ನೋದು ಬೇರೆ, ಕೂತಿತು ಅನ್ನೋದು ಬೇರೆ. ನಮ್ಮ ಹುಡುಗರಿಗೆ ನಾನು ಮೊದಲು ಕಲಿಸುವುದು ಇದನ್ನೇ: ಬಿಟ್ ಇಟ್ಟು ಎರಡು ಬೆರಳಲ್ಲಿ ಹಿಡಿದು ಅಲ್ಲಾಡಿಸು. ಆಟ ಇದ್ದರೆ ಅದು ತಪ್ಪು ಬಿಟ್, ಎಷ್ಟು ಒಳಗೆ ಹೋಗಿದ್ದರೂ ಸರಿ.

ಇದೇ ಥರ ಮೋಸ ಮಾಡುವ ಇನ್ನೊಂದೆರಡು ಹೇಳಿಬಿಡುತ್ತೇನೆ. ಟಾರ್ಕ್ಸ್, ಅಂದರೆ ಈ ಸ್ಟಾರ್ ಆಕಾರ, ಹೊರಗಿನ ತಲೆಯಾಗಿಯೂ ಬರುತ್ತದೆ, ಇ-ಟಾರ್ಕ್ಸ್ ಅಂತ. ಬಿಎಂಡಬ್ಲ್ಯೂ ಗೇರ್‌ಬಾಕ್ಸ್ ಎಂಜಿನ್‌ಗೆ ಸೇರುವ ಕಡೆ ಇವು ಸಾಲಾಗಿ ಇರುತ್ತವೆ. ಇದರ ಅಂಕಿಯನ್ನು ಮಿಲಿಮೀಟರ್ ಅಂದುಕೊಳ್ಳಬೇಡಿ. ಇ10 ಅಂದರೆ ಸುಮಾರು 9.4 ಮಿ.ಮೀ., ಇ12 ಅಂದರೆ 11.2, ಇ14 ಅಂದರೆ 12.9. ಇ14ಕ್ಕೆ 13ರ ಸಾಕೆಟ್ ಇಟ್ಟರೆ ಚೆನ್ನಾಗಿ ಕೂತ ಹಾಗೆ ಅನ್ನಿಸುತ್ತದೆ, ತಿರುಗಿಸಿದರೆ ಸುತ್ತುತ್ತದೆ. ಆಗ ಒಂದು ಅಳತೆ ಸಣ್ಣ ಸಾಕೆಟ್ ಸುತ್ತಿಗೆಯಲ್ಲಿ ಹೊಡೆದು ಕೂರಿಸುವವರಿದ್ದಾರೆ. ದಯವಿಟ್ಟು ಬೇಡ. ಇನ್ನೊಂದು, ಇ ಅಂಕಿಗೂ ಟಿ ಅಂಕಿಗೂ ಹೊಂದಿಕೆ ಇಲ್ಲ. ಇ8 ಸಾಕೆಟ್ ಒಳಗೆ ಕೂರುವುದು ಟಿ40 ಬಿಟ್.

ಎರಡನೆಯದು ರೀಬೆ, ಕೆಲವರು ಪಾಲಿಡ್ರೈವ್ ಅನ್ನುತ್ತಾರೆ. ಫೋಕ್ಸ್‌ವ್ಯಾಗನ್ ಗುಂಪಿನ ಕೆಲವು ಹಳೆಯ ಎಂಜಿನ್‌ಗಳ ಹೆಡ್ ಬೋಲ್ಟ್ ಇದು. ಆರು ಹಲ್ಲು, ದೂರದಿಂದ ಟಾರ್ಕ್ಸ್ ಹಾಗೇ ಕಾಣುತ್ತದೆ. ಹತ್ತಿರದಿಂದ ನೋಡಿದರೆ ಹಲ್ಲಿನ ತಲೆ ಚಪ್ಪಟೆ. ಸ್ಟಾರ್ ಬಿಟ್ ಹಾಕಿ ಕೆಡಿಸುವವರು ಇದರಲ್ಲೂ ಜಾಸ್ತಿ.

ನಿಮಗೆ ಈಗ ಮಾಡಬೇಕಾದ ಕೆಲಸ ಒಂದೇ. ಮಕ್ಕಳು ಆಡುವ ಕ್ಲೇ ಸ್ವಲ್ಪ ತಗೊಳ್ಳಿ, ಇಲ್ಲದಿದ್ದರೆ ಗಟ್ಟಿಯಾಗಿ ಕಲಸಿದ ಹಿಟ್ಟಾದರೂ ಆಗುತ್ತದೆ. ಗುಳಿಯಲ್ಲಿರುವ ಎಣ್ಣೆ ಒರೆಸಿ, ಕ್ಲೇ ಒತ್ತಿ, ನಿಧಾನವಾಗಿ ಎಳೆಯಿರಿ. ಅಚ್ಚು ಬರುತ್ತದೆ. ಅದನ್ನು ಬೆಳಕಿಗೆ ಹಿಡಿದು ಮೂಲೆ ನೋಡಿ, ವರ್ನಿಯರ್ ಇದ್ದರೆ ಅಳೆಯಿರಿ. ಹತ್ತೂ ಬೋಲ್ಟ್‌ಗೆ ಮಾಡಿ. ಹಿಂದೆ ಯಾರಾದರೂ ಕೈ ಹಾಕಿದ್ದರೆ ಅದೂ ಅಚ್ಚಿನಲ್ಲಿ ಸಿಗುತ್ತದೆ.

ತೋಟದದಾರಿ (ಸಕಲೇಶಪುರ):

ಅಣ್ಣಾ, ಇಷ್ಟು ವಿವರವಾಗಿ ಬರೆದದ್ದಕ್ಕೆ ತುಂಬಾ ಧನ್ಯವಾದ. ಮಗಳ ಕ್ಲೇ ಡಬ್ಬಿ ತಂದು ಹತ್ತಕ್ಕೂ ಅಚ್ಚು ತೆಗೆದೆವು. ನೀವು ಹೇಳಿದ ಹಾಗೇ ಮೂಲೆಗಳು ಅಗಲವಾಗಿವೆ, ಚೂಪಿಲ್ಲ. ಕ್ಲೇ ಸ್ವಲ್ಪ ಹಿಗ್ಗುತ್ತದೆ, ಆದರೂ ಮೂಲೆಯಿಂದ ಮೂಲೆಗೆ ಹನ್ನೊಂದೂವರೆ ಹತ್ತಿರ ಬಂತು. ಮೆಕ್ಯಾನಿಕ್ ಅಣ್ಣ ಕಾಗದದ ಮೇಲೆ ಎರಡು ಹೆಕ್ಸ್, ಮೂರು ಚೌಕ ಬರೆದು ನೋಡಿ ಖುಷಿಪಟ್ಟರು. ಆ ಕಾಗದವನ್ನು ಗೋಡೆಗೆ ಅಂಟಿಸಿದ್ದಾರೆ.

ಒಂಬತ್ತು ಬೋಲ್ಟ್ ಚೆನ್ನಾಗಿವೆ. ಎಕ್ಸಾಸ್ಟ್ ಕಡೆ, ಗೇರ್‌ಬಾಕ್ಸ್ ತುದಿಯಲ್ಲಿರುವ ಒಂದರ ಅಚ್ಚು ಮಾತ್ರ ಮೇಲ್ಭಾಗದಲ್ಲಿ ಉಜ್ಜಿದ ಹಾಗಿದೆ. ಕೆಲವು ವರ್ಷದ ಹಿಂದೆ ಗಾಡಿ ಒಂದು ಗ್ಯಾರೇಜಿನಲ್ಲಿ ಓವರ್‌ಹೀಟ್ ಕೆಲಸಕ್ಕೆ ಬಿಚ್ಚಿಸಿಕೊಂಡಿತ್ತು, ಆಗ ಆಗಿರಬೇಕು. ಗುಳಿಯ ತಳದಲ್ಲಿ ಮೂಲೆಗಳು ಇನ್ನೂ ಇವೆ.

ಎರಡು ಪ್ರಶ್ನೆ. ಈ ಬಿಟ್ ಎಲ್ಲಿ ಸಿಗುತ್ತದೆ, ಕೊಳ್ಳುವಾಗ ಏನು ನೋಡಬೇಕು? ಉಜ್ಜಿದ ಬೋಲ್ಟ್‌ಗೆ ಏನು ಮಾಡಬೇಕು?

ಎಸ್‌ಪಿ ರೋಡ್ ಹುಡುಗ (ಬೆಂಗಳೂರು):

ಮೊದಲ ಪ್ರಶ್ನೆಗೆ ನಾನು ಹೇಳುತ್ತೇನೆ ಸರ್. ಬೆಂಗಳೂರಿಗೆ ಬರುವುದಾದರೆ ಜೆ.ಸಿ. ರೋಡ್ ಕಡೆ ಕೇಳಿ, ಎಸ್.ಪಿ. ರೋಡ್‌ನ ಟೂಲ್ಸ್ ಅಂಗಡಿಗಳಲ್ಲೂ ವಿಚಾರಿಸಿ. ಆನ್‌ಲೈನ್‌ನಲ್ಲಿ ತರಿಸುವುದಾದರೆ "12 ಪಾಯಿಂಟ್ ಬಿಟ್" ಅಂತ ಹುಡುಕಬೇಡಿ, ಮತ್ತೆ ಎಕ್ಸ್‌ಝಡ್‌ಎನ್ ಬಂದು ಕೂರುತ್ತದೆ. "ಟೊಯೋಟಾ ಹೆಡ್ ಬೋಲ್ಟ್ ಸಾಕೆಟ್ 10 ಮಿ.ಮೀ. ಡಬಲ್ ಹೆಕ್ಸ್" ಅಂತ ಪೂರ್ತಿ ಬರೆಯಿರಿ. ಫೋಟೋದಲ್ಲಿ ಬಿಟ್‌ನ ತುದಿ ನೇರ ಎದುರಿಗೆ ತೋರಿಸಿರಬೇಕು. ತೋರಿಸಿಲ್ಲ ಅಂದರೆ ಕೊಳ್ಳಬೇಡಿ.

ಅಂಗಡಿಗೆ ಹೋದರೆ ನಿಮ್ಮ 10ರ ಎಲನ್ ಜೇಬಲ್ಲಿರಲಿ. ಬಿಟ್‌ನ ಎದುರೆದುರು ಏಣನ್ನು ವರ್ನಿಯರ್‌ನಲ್ಲಿ ಅಳೆದರೆ ಎಲನ್‌ನ ಮೂಲೆಯಿಂದ ಮೂಲೆಯ ಅಳತೆಯೇ ಬರಬೇಕು. 12 ಏಣು ಇರುವ ಕಡೆ ಹೆಸರು ನಂಬಿದ್ದಕ್ಕಿಂತ ಅಳತೆ ನಂಬುವುದು ವಾಸಿ.

ಹಿಂಬದಿಯ ಚೌಕ ಅರ್ಧ ಇಂಚಿನದ್ದೇ ಇರಲಿ. 3/8 ಇಂಚಿನದ್ದು ಹೆಡ್ ಬೋಲ್ಟ್‌ಗೆ ಬೇಡ, ಎಳೆದಾಗ ಎಕ್ಸ್‌ಟೆನ್ಷನ್ ತಿರುಚಿಕೊಳ್ಳುತ್ತದೆ. ಬಿಟ್ ಉಕ್ಕು ಎಸ್2 ಅಂತ ಬರೆದಿದ್ದರೆ ಒಳ್ಳೆಯದು. ಕ್ರೋಮ್ ವನೇಡಿಯಂ ಸಾಕೆಟ್‌ಗೆ ಸರಿ, ಸಣ್ಣ ಹಲ್ಲಿನ ಬಿಟ್‌ಗೆ ಎಸ್2 ಜಾಸ್ತಿ ತಾಳುತ್ತದೆ. ನಿಮ್ಮ ಬೋಲ್ಟ್‌ಗಳು ಹೆಡ್‌ನ ಬಾವಿಯೊಳಗೆ ಇವೆ. ಬಿಟ್ ಗಿಡ್ಡದಾದರೆ ಸಾಕೆಟ್ ಭಾಗ ಮೇಲೆಯೇ ತಡೆದು ತುದಿ ಪೂರ್ತಿ ಇಳಿಯುವುದಿಲ್ಲ. ಉದ್ದ ಅಳೆದುಕೊಂಡೇ ಹೋಗಿ.

ಡಸ್ಟರ್ ಡೀಸೆಲ್ ಇಟ್ಟುಕೊಂಡವರು ಯಾರಾದರೂ ಇದನ್ನು ಓದುತ್ತಿದ್ದರೆ: ನಿಮ್ಮ ಆಯಿಲ್ ಡ್ರೈನ್ ಪ್ಲಗ್ 8 ಮಿ.ಮೀ. ಚೌಕದ ಗುಳಿ. ಅದಕ್ಕೆ ಎಲನ್ ತುರುಕಬೇಡಿ. ಅಂಗಡಿಗೆ ಬರುವವರಲ್ಲಿ ಅದನ್ನು ಕೆಡಿಸಿಕೊಂಡವರು ಬೇಕಾದಷ್ಟು ಜನ.

ಬುಲೆಟ್ ಮೇಷ್ಟ್ರು (ಮೈಸೂರು):

ತುಂಬಾ ಉಪಯೋಗದ ಮಾತು ನಡೆಯುತ್ತಿದೆ. ಪಾನಾಪೆಟ್ಟಿಗೆಯವರು ಹೇಳಿದ "ಅಂಕಿ ಅಂದರೆ ಮಿಲಿಮೀಟರ್ ಅಲ್ಲ" ಅನ್ನುವುದಕ್ಕೆ ನನ್ನ ಕಡೆಯಿಂದ ಒಂದು ಸೇರಿಕೆ. ನನ್ನದು ಹಳೆಯ ಬುಲೆಟ್‌ಗಳ ಕೆಲಸ. ಶಾಲೆ ಮುಗಿದ ಮೇಲೆ ಸಂಜೆ ಹೊತ್ತು ಮಾಡುತ್ತೇನೆ.

ಹಳೆಯ ಬುಲೆಟ್ ಕೊಂಡ ಹುಡುಗರು ಬಂದು ಒಂದೇ ದೂರು ಹೇಳುತ್ತಾರೆ. "ಸರ್, 13 ಹೋಗಲ್ಲ, 14 ಸುತ್ತುತ್ತೆ, ಬೋಲ್ಟ್ ಸವೆದಿದೆ" ಅಂತ. ಬೋಲ್ಟ್ ಸವೆದಿರುವುದಿಲ್ಲ. ಅದು ಇಂಗ್ಲೆಂಡಿನ ವಿಟ್‌ವರ್ತ್ ಅಳತೆಯ ತಲೆ. ರಾಯಲ್ ಎನ್‌ಫೀಲ್ಡ್ ಮದ್ರಾಸಿಗೆ 1955ರಲ್ಲಿ ಬಂದಾಗ ಆ ಅಳತೆಗಳೂ ಜೊತೆಗೆ ಬಂದವು. ವಿಟ್‌ವರ್ತ್ ಸ್ಪ್ಯಾನರ್ ಮೇಲೆ 1/4 ಅಂತ ಬರೆದಿದ್ದರೆ ಅದು ಬೋಲ್ಟ್ ಕಡ್ಡಿಯ ದಪ್ಪ, ತಲೆಯ ಅಗಲ ಅಲ್ಲ. ತಲೆಯ ಅಗಲ 0.525 ಇಂಚು, ಅಂದರೆ 13.3 ಮಿ.ಮೀ. ಹೀಗಿರುವಾಗ 13 ಹೇಗೆ ಹೋಗುತ್ತದೆ, 14 ಹೇಗೆ ಹಿಡಿಯುತ್ತದೆ? 5/16 ಅಂದರೆ 15.2. ಅದಕ್ಕೆ 15 ಇಳಿಯುವುದಿಲ್ಲ, 16 ಹಾಕಿದರೆ ಮೂಲೆ ಹೋಗುತ್ತದೆ. 3/8 ಮಾತ್ರ 18ಕ್ಕೆ ಸರಿಯಾಗಿ ಹೊಂದುತ್ತದೆ.

ಇನ್ನೂ ಒಂದು ಇದೆ. ಸಣ್ಣ ಥ್ರೆಡ್‌ನ ಬಿಎಸ್‌ಎಫ್ ಬೋಲ್ಟ್‌ಗೆ ತಲೆ ಒಂದು ಅಳತೆ ಚಿಕ್ಕದು. ಹಾಗಾಗಿ ಒಂದೇ ಸ್ಪ್ಯಾನರ್ ಮೇಲೆ 1/4 ಡಬ್ಲ್ಯೂ, 5/16 ಬಿಎಸ್ ಅಂತ ಎರಡು ಗುರುತು ಇರುತ್ತದೆ. ಇದು ಗೊತ್ತಿಲ್ಲದೆ ಅಡ್ಜಸ್ಟೆಬಲ್ ಸ್ಪ್ಯಾನರ್ ಹಾಕಿ ಎಷ್ಟು ಒಳ್ಳೆಯ ಎಂಜಿನ್‌ಗಳ ನಟ್ಟುಗಳನ್ನು ದುಂಡಗೆ ಮಾಡಿದ್ದಾರೋ. ನೋಡಿದರೆ ಹೊಟ್ಟೆ ಉರಿಯುತ್ತದೆ. ಆ ನಟ್ಟು ಮತ್ತೆ ಸಿಗುವುದಿಲ್ಲ.

ಹಳೆಯ ಆರ್‌ಎಕ್ಸ್ 100 ಇಟ್ಟುಕೊಂಡವರಿಗೂ ಹೇಳುತ್ತೇನೆ. ಎಂಜಿನ್ ಪಕ್ಕದ ಕವರ್‌ನ ಸ್ಕ್ರೂಗಳು ನೋಡಲು ಫಿಲಿಪ್ಸ್, ಆದರೆ ಜಪಾನಿನ ಜೆಐಎಸ್ ಅಳತೆ. ಫಿಲಿಪ್ಸ್ ಡ್ರೈವರ್ ತಳ ಮುಟ್ಟದೆ ಮೇಲಕ್ಕೆ ಜಾರುತ್ತದೆ. ಜೆಐಎಸ್ ತುದಿಯ ಇಂಪ್ಯಾಕ್ಟ್ ಡ್ರೈವರ್ ಇಟ್ಟು ಒಂದು ಏಟು ಕೊಟ್ಟರೆ ಬರುತ್ತವೆ.

ಪಾನಾಪೆಟ್ಟಿಗೆ (ಹುಬ್ಬಳ್ಳಿ):

ಮೇಷ್ಟ್ರೇ, ವಿಟ್‌ವರ್ತ್ ಲೆಕ್ಕ ಬರೆದಿಟ್ಟುಕೊಂಡೆ. ನಮ್ಮ ಕಡೆ ಇನ್ನೂ ಹಳೆಯ ಗಾಡಿ ಬರುತ್ತವೆ.

ತೋಟದದಾರಿ ಅವರೇ, ಆ ಉಜ್ಜಿದ ಬೋಲ್ಟ್ ವಿಷಯ. ತಳದಲ್ಲಿ ಮೂಲೆ ಉಳಿದಿದೆ ಅಂದಿರಲ್ಲ, ಅಷ್ಟು ಸಾಕು. ಆದರೆ ಬಿಟ್ ತಳದವರೆಗೂ ಇಳಿಯಲೇಬೇಕು. ಗುಳಿಯ ತಳದಲ್ಲಿ ಸುಟ್ಟ ಎಣ್ಣೆಯ ಕರಿ ಗಟ್ಟಿಯಾಗಿ ಕೂತಿರುತ್ತದೆ. ಒರೆಸಿದರೆ ಹೋಗುವುದಿಲ್ಲ. ಚೂಪಾದ ಕಡ್ಡಿಯಲ್ಲಿ ಮೂಲೆ ಮೂಲೆ ಕೆರೆದು, ಕಾರ್ಬ್ ಕ್ಲೀನರ್ ಹೊಡೆದು, ಗಾಳಿ ಊದಿ. ಕಣ್ಣಿಗೆ ಕನ್ನಡಕ ಇರಲಿ. ಸಿಲಿಂಡರ್ ಕಡೆಗೆ ಹೋಗುವ ತೂತುಗಳಿಗೆ ಬಟ್ಟೆ ತುರುಕಿ. ಈ ಒಂದು ಕೆಲಸಕ್ಕೆ ಎಷ್ಟು ಹೊತ್ತು ಹಿಡಿದರೂ ಪರವಾಗಿಲ್ಲ. ಬಿಟ್ 2 ಮಿ.ಮೀ. ಮೇಲೆ ನಿಂತರೂ ಹಿಡಿತ ಅರ್ಧಕ್ಕೆ ಇಳಿದಿರುತ್ತದೆ.

ಆಮೇಲೆ ಬಿಟ್ ಇಟ್ಟು, ಅದರ ತಲೆಯ ಮೇಲೆ ಸುತ್ತಿಗೆಯಿಂದ ನೇರವಾಗಿ ಒಂದೆರಡು ಏಟು. ಬಿಟ್ ತಳ ಮುಟ್ಟಿದಾಗ ಸದ್ದು ಬದಲಾಗುತ್ತದೆ, ಟಣ್ ಅನ್ನುತ್ತದೆ. ಆ ಏಟಿಗೆ ಥ್ರೆಡ್‌ನ ಬಿಗಿ ಕೂಡ ಸ್ವಲ್ಪ ಬಿಡುತ್ತದೆ. ಬ್ಲಾಕ್ ಅಲ್ಯೂಮಿನಿಯಂ, ಹಾಗಾಗಿ ಹದವಾಗಿ ಹೊಡೆಯಿರಿ.

ಎಂಜಿನ್ ಪೂರ್ತಿ ತಣ್ಣಗಿರುವಾಗ ಮಾತ್ರ ಬಿಚ್ಚಿ. ಇಂಪ್ಯಾಕ್ಟ್ ಗನ್ ಬೇಡ. ಉದ್ದದ ಬ್ರೇಕರ್ ಬಾರ್, ಒಂದೇ ನೇರ ಎಕ್ಸ್‌ಟೆನ್ಷನ್. ಒಬ್ಬರು ಬಿಟ್‌ನ ತಲೆಯನ್ನು ಅಂಗೈಯಿಂದ ಕೆಳಕ್ಕೆ ಒತ್ತಿ ಹಿಡಿಯಲಿ, ಇನ್ನೊಬ್ಬರು ಎಳೆಯಲಿ. ಬಾರ್ ವಾಲಿದರೆ ಹಲ್ಲು ಒಂದೇ ಕಡೆ ಒತ್ತುತ್ತದೆ, ಅಲ್ಲೇ ಹೋಗುವುದು. ಮೊದಲು ತುದಿಯ ಬೋಲ್ಟ್‌ಗಳು, ಆಮೇಲೆ ನಡುವಿನವು. ಒಂದೇ ಸಲಕ್ಕೆ ಪೂರ್ತಿ ಬಿಚ್ಚಬೇಡಿ. ಎಲ್ಲವನ್ನೂ ಸ್ವಲ್ಪ ಸ್ವಲ್ಪವೇ ಸಡಿಲ ಮಾಡುತ್ತಾ ಸುತ್ತು ಹಾಕಿ. ಕ್ರಮ ತಪ್ಪಿದರೆ ಹೆಡ್ ಸೊಟ್ಟ ಆಗಬಹುದು.

ನಿಮ್ಮ ಉಜ್ಜಿದ ಬೋಲ್ಟ್ ತುದಿಯಲ್ಲಿದೆ, ಅಂದರೆ ಅದರ ಸರದಿ ಮೊದಲೇ ಬರುತ್ತದೆ. ನಾನಾಗಿದ್ದರೆ ಅದೇ ತುದಿಯ ಪಕ್ಕದ್ದನ್ನು ಕಾಲು ಸುತ್ತು ಸಡಿಲಿಸಿ, ಆಮೇಲೆ ಇದಕ್ಕೆ ಬರುತ್ತೇನೆ. ಹೆಡ್‌ನ ಒತ್ತಡ ಸ್ವಲ್ಪ ಇಳಿದಿರುತ್ತದೆ. ಆಗಲೂ ಬಿಟ್ ಜಾರುವ ಸೂಚನೆ ಕೊಟ್ಟರೆ ತಕ್ಷಣ ನಿಲ್ಲಿಸಿ. ಜಾರಿಸಿ ಜಾರಿಸಿ ತಳದ ಮೂಲೆಯನ್ನೂ ಕಳೆದುಕೊಳ್ಳಬೇಡಿ. ಒಳಗೆ ಹಿಡಿದು ತಿರುಗಿಸುವ ಉಲ್ಟಾ ಸುರುಳಿಯ ಎಕ್ಸ್‌ಟ್ರಾಕ್ಟರ್ ಬಿಟ್ ಸಿಗುತ್ತದೆ. ಅದಕ್ಕೂ ಬಗ್ಗದಿದ್ದರೆ ಬೋಲ್ಟ್ ತಲೆಗೆ ನಟ್ಟು ವೆಲ್ಡ್ ಮಾಡಿ ಬಿಚ್ಚಬಹುದು, ವೆಲ್ಡಿಂಗ್ ಬಿಸಿಗೇ ಅರ್ಧ ಬಿಗಿ ಬಿಟ್ಟಿರುತ್ತದೆ. ವೆಲ್ಡ್ ಮಾಡುವ ಮುಂಚೆ ಬ್ಯಾಟರಿ ವೈರ್ ತೆಗೆಯಿರಿ. ಕಾರ್ಬ್ ಕ್ಲೀನರ್ ಪೂರ್ತಿ ಆರಿರಬೇಕು, ಅದು ಪೆಟ್ರೋಲ್‌ನಷ್ಟೇ ಬೇಗ ಹತ್ತಿಕೊಳ್ಳುತ್ತದೆ.

ಬೋಲ್ಟ್ ಕೆಳಗೆ ದಪ್ಪ ವಾಷರ್ ಇದೆ. ಬೋಲ್ಟ್ ಎತ್ತುವಾಗ ಅದು ಹೆಡ್‌ನೊಳಗೆ ಬೀಳದಂತೆ ಆಯಸ್ಕಾಂತದ ಕಡ್ಡಿ ಇಟ್ಟುಕೊಳ್ಳಿ.

ತೋಟದದಾರಿ (ಸಕಲೇಶಪುರ):

ಬಿಟ್ ಬಂತು, ಬೆಂಗಳೂರಿಂದ ಬಸ್ಸಿಗೆ ಹಾಕಿಸಿ ತರಿಸಿದೆವು. ಎಸ್‌ಪಿ ರೋಡ್ ಅವರು ಹೇಳಿದ ಹಾಗೆ ಅಳತೆ ಕೇಳಿಯೇ ಕೊಂಡದ್ದು. ಇಟ್ಟ ತಕ್ಷಣ ವ್ಯತ್ಯಾಸ ಗೊತ್ತಾಯಿತು, ಒಂಚೂರೂ ಆಡುವುದಿಲ್ಲ. ಒಂಬತ್ತು ಬೋಲ್ಟ್ ಒಂದೇ ಥರ ಟಕ್ ಅಂತ ಬಿಟ್ಟವು, ಒಂದು ಹಲ್ಲಿಗೂ ಏನೂ ಆಗಿಲ್ಲ. ಉಜ್ಜಿದ್ದಕ್ಕೆ ತುಂಬಾ ಹೊತ್ತು ಕರಿ ಕೆರೆದೆವು. ಸುತ್ತಿಗೆ ಏಟಿಗೆ ಬಿಟ್ ಇನ್ನಷ್ಟು ಕೆಳಗೆ ಇಳಿಯಿತು. ಅಣ್ಣ ಒತ್ತಿ ಹಿಡಿದರು, ನಾನು ಎಳೆದೆ, ಬಂತು. ಎಕ್ಸ್‌ಟ್ರಾಕ್ಟರ್ ಬೇಕಾಗಲಿಲ್ಲ.

ಹೆಡ್ ಲೇತ್ ಅಂಗಡಿಗೆ ಹೋಗಿದೆ, ಸೊಟ್ಟ ಇದೆಯಾ ನೋಡಲು. ಗ್ಯಾಸ್ಕೆಟ್‌ನಲ್ಲಿ ಎರಡನೇ ಸಿಲಿಂಡರ್‌ನಿಂದ ನೀರಿನ ದಾರಿಗೆ ಸುಟ್ಟ ಗೆರೆ ಸ್ಪಷ್ಟವಾಗಿ ಕಾಣುತ್ತದೆ. ಬೋಲ್ಟ್ ಹಳೆಯದನ್ನೇ ಹಾಕಬಹುದಾ?

ಪಾನಾಪೆಟ್ಟಿಗೆ (ಹುಬ್ಬಳ್ಳಿ):

ಬಹಳ ಸಂತೋಷವಾಯಿತು. ಮೆಕ್ಯಾನಿಕ್ ಅಣ್ಣನಿಗೆ ನನ್ನ ನಮಸ್ಕಾರ ಹೇಳಿ.

ಟೊಯೋಟಾ ಕೈಪಿಡಿಯಲ್ಲಿ ಬೋಲ್ಟ್ ಉದ್ದಕ್ಕೆ ಒಂದು ಮಿತಿ ಕೊಟ್ಟಿರುತ್ತಾರೆ. ಅದರೊಳಗೆ ಇದ್ದರೆ ಮತ್ತೆ ಹಾಕಲು ಅವಕಾಶ ಇದೆ. ನನ್ನ ಅಭಿಪ್ರಾಯ ಕೇಳಿದರೆ ಹತ್ತೂ ಹೊಸದು ಹಾಕಿ. ಗಾಡಿ ಒಮ್ಮೆ ಓವರ್‌ಹೀಟ್ ಆಗಿದೆ, ಒಂದರ ತಲೆಯೂ ಕೆಟ್ಟಿದೆ. ಬಿಗಿಯುವಾಗ ಆ ಬೋಲ್ಟ್ ಜಾರಿದರೆ ಮಾಡಿದ ಕೆಲಸವೆಲ್ಲ ವ್ಯರ್ಥ.

ಹಾಕುವ ಮುಂಚೆ ಬ್ಲಾಕ್‌ನ ಬೋಲ್ಟ್ ರಂಧ್ರಗಳಿಗೆ ಗಾಳಿ ಊದಿ ಪೂರ್ತಿ ಒಣಗಿಸಿ. ತಳದಲ್ಲಿ ಕೂಲೆಂಟ್ ಅಥವಾ ಎಣ್ಣೆ ನಿಂತಿದ್ದರೆ ಬೋಲ್ಟ್ ಇಳಿಯುತ್ತಾ ಅದನ್ನು ಒತ್ತುತ್ತದೆ. ಅದಕ್ಕೆ ಹೋಗಲು ದಾರಿ ಇಲ್ಲ, ಬ್ಲಾಕ್ ಬಿರುಕು ಬಿಡಬಹುದು. ಹಾಗೇ ಥ್ರೆಡ್ ಪರೀಕ್ಷಿಸಿ. ಅಲ್ಯೂಮಿನಿಯಂ ಬ್ಲಾಕ್‌ನಲ್ಲಿ ಓವರ್‌ಹೀಟ್ ಆದ ಮೇಲೆ ಥ್ರೆಡ್ ಕಿತ್ತು ಬರುವುದುಂಟು. ಬಿಚ್ಚಿದ ಬೋಲ್ಟ್‌ಗಳ ಥ್ರೆಡ್ ನಡುವೆ ಬೆಳ್ಳಗಿನ ಲೋಹದ ಎಳೆ ಸಿಕ್ಕಿದ್ದರೆ ಆ ರಂಧ್ರಕ್ಕೆ ಇನ್ಸರ್ಟ್ (ಹೊಸ ಥ್ರೆಡ್ ಕೊಡುವ ಲೋಹದ ತುಂಡು) ಹಾಕಿಸದೆ ಮುಂದೆ ಹೋಗಬೇಡಿ. ಈಗಲೇ ಒಮ್ಮೆ ನೋಡಿ.

ಥ್ರೆಡ್‌ಗೂ ತಲೆಯ ಕೆಳಗೂ ತೆಳುವಾಗಿ ಎಂಜಿನ್ ಆಯಿಲ್ ಸವರಿ. ನಡುವಿನಿಂದ ಶುರು ಮಾಡಿ ತುದಿಯ ಕಡೆ ಹೋಗಿ, ಕೆಲವು ಸುತ್ತಿನಲ್ಲಿ 49 ನ್ಯೂಟನ್ ಮೀಟರ್‌ವರೆಗೆ ತನ್ನಿ. ಆಮೇಲೆ ಪ್ರತಿ ಬೋಲ್ಟ್ ತಲೆಯ ಮೇಲೆ ಎಂಜಿನ್ ಮುಂಭಾಗಕ್ಕೆ ಬಿಳಿ ಪೇಂಟ್ ಚುಕ್ಕೆ ಇಟ್ಟು, ಅದೇ ಕ್ರಮದಲ್ಲಿ 90 ಡಿಗ್ರಿ. ಚುಕ್ಕೆಗಳೆಲ್ಲ ಒಂದೇ ಪಕ್ಕಕ್ಕೆ ತಿರುಗಿರಬೇಕು. ಆ 90 ಡಿಗ್ರಿಯಲ್ಲಿ ಜೋರು ಜಾಸ್ತಿ ಬೀಳುತ್ತದೆ, ಆಗಲೂ ಬಿಟ್ ಮೇಲೆ ಒಬ್ಬರ ಅಂಗೈ ಒತ್ತಿಕೊಂಡೇ ಇರಲಿ.

ಲೇತ್ ಅಂಗಡಿಯವರು ಹೆಡ್ ಎಷ್ಟು ಸೊಟ್ಟ ಇದೆ ಅಂತ ಅಂಕಿ ಕೊಟ್ಟರೆ ಇಲ್ಲೇ ಹಾಕಿ. ತೇಯಿಸಬೇಕಾ ಬೇಡವಾ ನೋಡೋಣ.